ಬ್ಲೂಮಿಂಗ್ಟನ್ ಮೇಷ್ಟ್ರುಗಳು: ಗಿಂಗೋಲ್ಡ್, ಸ್ಟಾರ್ಕರ್, ಪ್ರಿಮ್ರೋಸ್

ವೆಸ್ಟರ್ನ್ ಮ್ಯೂಸಿಕ್ ಹಿಸ್ಟರಿ ಓದೋವಾಗ ಕಂಪೋಸರ್‌ಗಳ ಹೆಸ್ರು ಸಾಲಾಗಿ ಸಿಗುತ್ತೆ, ಸ್ಟೇಜ್ ಮೇಲೆ ನುಡಿಸೋರ ಹೆಸ್ರೂ ಸಿಗುತ್ತೆ, ಆದ್ರೆ ಅವ್ರಿಗೆ ಪಾಠ ಹೇಳ್ದೋರು ಯಾರು ಅಂತ ಹುಡುಕೋಕೆ ಹೋದ್ರೆ ಒಂದೆರಡು ಸಾಲಲ್ಲಿ ಮುಗಿಸಿಬಿಟ್ಟಿರ್ತಾರೆ. ಅದಕ್ಕೇ ಈ ಸಲ ಇಂಡಿಯಾನಾ ಯೂನಿವರ್ಸಿಟಿಯ ಮ್ಯೂಸಿಕ್ ಸ್ಕೂಲ್ ತಗೊಂಡಿದೀನಿ, ಅದ್ರಲ್ಲೂ ಬರೀ ಸ್ಟ್ರಿಂಗ್ಸ್, ಅಂದ್ರೆ ವಯಲಿನ್ ಥರದ ತಂತಿ ವಾದ್ಯಗಳು ಮಾತ್ರ. ಈಗ ಜೇಕಬ್ಸ್ ಸ್ಕೂಲ್ ಅಂತಾರಲ್ಲ ಅದೇ ಇದು, ಆ ಹೆಸ್ರು ಬಂದಿದ್ದು 2005ರಲ್ಲಿ.

ಊರು ಬ್ಲೂಮಿಂಗ್ಟನ್, ಇಂಡಿಯಾನಾಪೊಲಿಸ್‌ನಿಂದ ಸುಮಾರು 80 ಕಿಲೋಮೀಟರ್. ನ್ಯೂಯಾರ್ಕೂ ಅಲ್ಲ ಷಿಕಾಗೋನೂ ಅಲ್ಲ, ಒಂದು ಚಿಕ್ಕ ಕಾಲೇಜ್ ಊರು. ಇಲ್ಲಿಗೆ ದೊಡ್ಡ ದೊಡ್ಡ ವಾದಕರು ಯಾಕೆ ಬಂದ್ರು ಅಂದ್ರೆ ಅದಕ್ಕೆ ಮುಖ್ಯ ಕಾರಣ ವಿಲ್ಫ್ರೆಡ್ ಬೇನ್ ಅನ್ನೋ ಡೀನ್, 1947ರಿಂದ 1973ರ ತನಕ ಆ ಕುರ್ಚಿಲಿ ಇದ್ರು. ಡಿಗ್ರಿ ನೋಡಿ ಮೇಷ್ಟ್ರನ್ನ ತಗೊಳೋದು ಬಿಟ್ಟು ನುಡಿಸೋದನ್ನ ನೋಡಿ ಕರೆದ್ರು, ಟೂರ್ ಹೋಗೋಕೂ ಬಿಟ್ರು. 1958ರಲ್ಲಿ ಚೆಲ್ಲೋಗೆ (ಕೂತು ನುಡಿಸೋ, ವಯಲಿನ್‌ಗಿಂತ ತುಂಬ ದೊಡ್ಡ ವಾದ್ಯ) ಯಾನೋಸ್ ಸ್ಟಾರ್ಕರ್ ಬಂದ್ರು, 1960ರಲ್ಲಿ ವಯಲಿನ್‌ಗೆ ಜೋಸೆಫ್ ಗಿಂಗೋಲ್ಡ್, 1965ರಲ್ಲಿ ವಿಯೋಲಾಗೆ (ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ಕೆಳಗಿನದು) ವಿಲಿಯಂ ಪ್ರಿಮ್ರೋಸ್.

ಈ ಮೂವರಲ್ಲಿ ನಾವು ಗಮನಿಸ್ಬೇಕಾಗಿರೋದು ಒಂದೇ ವಿಷ್ಯ: ಮೂವರೂ ಆರ್ಕೆಸ್ಟ್ರಾದಲ್ಲಿ ಸಂಬಳಕ್ಕೆ ದುಡಿದು ಬಂದೋರು. ಅವ್ರ ಪಾಠದ ಗುಟ್ಟು ಅಲ್ಲೇ ಇದೆ ಅಂತ ನಂಗನ್ಸುತ್ತೆ.

ಗಿಂಗೋಲ್ಡ್ ಹುಟ್ಟಿದ್ದು 1909ರಲ್ಲಿ, ಈಗ ಬೆಲಾರಸ್‌ನಲ್ಲಿರೋ ಬ್ರೆಸ್ಟ್‌ಲಿಟೊವ್‌ಸ್ಕ್‌ನಲ್ಲಿ. ಚಿಕ್ಕವಯಸ್ಸಲ್ಲೇ ಅಮೆರಿಕಕ್ಕೆ ಬಂದು, ಆಮೇಲೆ ಬೆಲ್ಜಿಯಂಗೆ ಹೋಗಿ ಅಲ್ಲಿನ ದೊಡ್ಡ ವಯಲಿನ್ ವಾದಕ, ಕಂಪೋಸರ್ ಯೂಜೆನ್ ಇಸಾಯಿ ಹತ್ರ ಕಲಿತು, ಇಸಾಯಿಯ ಮೂರನೇ ಸೋಲೋ ಸೊನಾಟಾನ (ವಯಲಿನ್ ಒಂದೇ ನುಡಿಸೋ ಕೃತಿ) ಮೊದಲ ಸಲ ನುಡಿಸ್ದೋರೂ ಇವ್ರೇ. ವಾಪಸ್ ಬಂದ್ಮೇಲೆ ಕಂಡಕ್ಟರ್ ಟೊಸ್ಕನೀನಿಯ ಎನ್‌ಬಿಸಿ ಸಿಂಫನಿ ಆರ್ಕೆಸ್ಟ್ರಾ, ಡೆಟ್ರಾಯ್ಟ್, ಆಮೇಲೆ 1947ರಿಂದ 1960ರ ತನಕ ಕಂಡಕ್ಟರ್ ಜಾರ್ಜ್ ಸೆಲ್ ಕೈಕೆಳಗೆ ಕ್ಲೀವ್‌ಲ್ಯಾಂಡಲ್ಲಿ ಕಾನ್ಸರ್ಟ್‌ಮಾಸ್ಟರ್. ಹೊಸಬರಿಗೆ ಹೇಳ್ಬಿಡ್ತೀನಿ, ಕಾನ್ಸರ್ಟ್‌ಮಾಸ್ಟರ್ ಅಂದ್ರೆ ಮೊದಲ ವಯಲಿನ್ ಸೆಕ್ಷನ್ನಿನ ಮೊದಲ ಕುರ್ಚಿಲಿ ಕೂರೋರು. ಸೋಲೋ ಬಂದ್ರೆ ಅವ್ರೇ ನುಡಿಸ್ಬೇಕು, ಇಡೀ ಸೆಕ್ಷನ್ ಬೋ (ಕಮಾನು) ಎಲ್ಲಿ ಮೇಲೆ ಎಲ್ಲಿ ಕೆಳಗೆ ಅಂತಾನೂ ಅವ್ರೇ ಬರ್ಕೊಡ್ಬೇಕು, ಕಂಡಕ್ಟರ್ ಬೈದ್ರೆ ಮೊದ್ಲು ಕೇಳಿಸ್ಕೊಳೋದೂ ಅವ್ರೇ. ಸೆಲ್ ಎಷ್ಟು ಕಟ್ಟುನಿಟ್ಟು ಅನ್ನೋದಂತೂ ಜಗಜ್ಜಾಹೀರು.

ಅಲ್ಲಿ ಕಲ್ತಿದ್ದನ್ನೆಲ್ಲ ಗಿಂಗೋಲ್ಡ್ ಮೂರು ಭಾಗದ ಆರ್ಕೆಸ್ಟ್ರಲ್ ಎಕ್ಸರ್ಪ್ಟ್ಸ್ ಪುಸ್ತಕವಾಗಿ ಎಡಿಟ್ ಮಾಡಿದ್ರು, ಬೋಯಿಂಗ್ ಫಿಂಗರಿಂಗ್ (ಬೋ ಯಾವ ಕಡೆ, ಯಾವ ಬೆರಳು ಅನ್ನೋ ಗುರುತುಗಳು) ಸಮೇತ. ಎಕ್ಸರ್ಪ್ಟ್ ಅಂದ್ರೆ ಸಿಂಫನಿಯಿಂದ ಕಿತ್ತು ತೆಗೆದ ಕಷ್ಟದ ತುಣುಕು. ಆರ್ಕೆಸ್ಟ್ರಾ ಕೆಲ್ಸಕ್ಕೆ ಆಡಿಷನ್ ಕೊಡೋವಾಗ ಕಾನ್ಸರ್ಟೋ (ಆರ್ಕೆಸ್ಟ್ರಾ ಜೊತೆ ಒಬ್ರು ಸೋಲೋ ನುಡಿಸೋ ಕೃತಿ) ಒಂದಿಷ್ಟು ಕೇಳ್ತಾರೆ, ಆಮೇಲೆ ಪೂರ್ತಿ ಇದೇ, ಅದೂ ಅಮೆರಿಕದಲ್ಲಿ ಮೊದಲ ರೌಂಡ್ ಸಾಮಾನ್ಯವಾಗಿ ಪರದೆ ಹಿಂದೆ. ವಯಲಿನ್‌ಗೆ ಮತ್ತೆ ಮತ್ತೆ ಬರೋ ಹೆಸ್ರು ಮೂರು: ರಿಚರ್ಡ್ ಸ್ಟ್ರೌಸ್‌ನ ಡಾನ್ ಹ್ವಾನ್ ಮೊದಲ ಪುಟ, ಮೊಜಾರ್ಟ್ 39ನೇ ಸಿಂಫನಿಯ ಕೊನೇ ಮೂವ್‌ಮೆಂಟ್ (ಭಾಗ), ಶೂಮಾನ್ ಎರಡನೇ ಸಿಂಫನಿಯ ಸ್ಕೆರ್ಟ್ಸೋ ಅನ್ನೋ ವೇಗದ ಭಾಗ. ಈ ಶೂಮಾನ್ ಇದ್ಯಲ್ಲ, ನೋಡೋಕೆ ಸಿ ಮೇಜರ್ (ಶಾರ್ಪ್, ಫ್ಲಾಟ್ ಇಲ್ಲದ ಸ್ಕೇಲ್), ಪಾಪ ಸಲೀಸು ಅನ್ಸುತ್ತೆ, ಆದ್ರೆ ಮೊದಲ ವಯಲಿನ್‌ಗೆ ಹೆಚ್ಚುಕಮ್ಮಿ ಬಿಡುವೇ ಇಲ್ದೆ ಸಿಕ್ಸ್‌ಟೀನ್ತ್ ನೋಟ್‌ಗಳು (ತುಂಬ ಚಿಕ್ಕ, ಚುರುಕು ಸ್ವರಗಳು), ಬೋ ತಂತಿ ಮೇಲೆ ಪುಟಿತಾನೇ ಇರ್ಬೇಕು, ಕೈ ಸೋತು ಬಂದಿದೆ ಅನ್ನೋ ಹೊತ್ತಿಗೆ ಕೋಡಾದಲ್ಲಿ, ಅಂದ್ರೆ ಮುಗಿಸೋ ಭಾಗದಲ್ಲಿ, ಸ್ಪೀಡ್ ಇನ್ನೂ ಏರುತ್ತೆ. ಮೊದಲ ಸಾಲಲ್ಲೇ ಜೋರಾಗಿ ಬೋ ಒತ್ತಿದೋರು ಕೊನೆ ತನಕ ಬರಲ್ಲ. ವರ್ಷಗಟ್ಲೆ ಸೆಕ್ಷನ್ನಲ್ಲಿ ಕೂತು ನುಡಿಸ್ದೋರು ಇದನ್ನ ಹೇಳ್ಕೊಡೋದಕ್ಕೂ ಬರೀ ಸೋಲೋ ನುಡಿಸ್ಕೊಂಡು ಬಂದೋರು ಹೇಳ್ಕೊಡೋದಕ್ಕೂ ವ್ಯತ್ಯಾಸ ಇರುತ್ತೆ, ಯಾಕಂದ್ರೆ ಪಕ್ಕದ ಸ್ಟ್ಯಾಂಡಿನೋರ ಜೊತೆ ಸದ್ದು ಬೆರೀಬೇಕು ಅನ್ನೋದು ಸೋಲೋ ಪಾಠದಲ್ಲಿ ಬರೋದೇ ಕಮ್ಮಿ.

ಹಾಗಂತ ಗಿಂಗೋಲ್ಡ್ ಬರೀ ಆರ್ಕೆಸ್ಟ್ರಾ ಪ್ಲೇಯರ್‌ಗಳನ್ನ ತಯಾರು ಮಾಡಿದ್ರು ಅನ್ಕೋಬೇಡಿ. ಬ್ಲೂಮಿಂಗ್ಟನ್‌ನಲ್ಲೇ ಹುಟ್ಟಿದ ಜಾಶುವಾ ಬೆಲ್ ಇವ್ರ ಶಿಷ್ಯ, 14ನೇ ವಯಸ್ಸಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ನುಡಿಸಿದ ಹುಡುಗ, ಮುಂದೆ ಅದೇ ಸ್ಕೂಲಲ್ಲಿ ಪಾಠಾನೂ ಹೇಳಿದ್ರು. 1971ರಲ್ಲಿ ಬೆಲ್ಜಿಯಂನ ಕ್ವೀನ್ ಎಲಿಜಬೆತ್ ವಯಲಿನ್ ಸ್ಪರ್ಧೆ ಗೆದ್ದ ಮಿರಿಯಂ ಫ್ರೀಡ್ ಕೂಡ ಇವ್ರ ಹತ್ರ ಕಲ್ತೋರು, ಅವ್ರೂ ಆಮೇಲೆ ಅಲ್ಲೇ ಮೇಷ್ಟ್ರಾದ್ರು. 1982ರಲ್ಲಿ ಶುರುವಾದ ಇಂಡಿಯಾನಾಪೊಲಿಸ್ ವಯಲಿನ್ ಸ್ಪರ್ಧೆ ಹಿಂದೆ ಇದ್ದಿದ್ದೂ ಗಿಂಗೋಲ್ಡೇ, ನಾಲ್ಕು ವರ್ಷಕ್ಕೊಂದ್ಸಲ ನಡೆಯುತ್ತೆ. 1995ರಲ್ಲಿ ತೀರ್ಕೊಂಡ್ರು.

ಈಗ ಸ್ಟಾರ್ಕರ್. ಬುಡಾಪೆಸ್ಟ್, 1924. ಯುದ್ಧದಲ್ಲಿ ಇಬ್ರು ಅಣ್ಣಂದಿರನ್ನ ನಾಜಿಗಳು ಕೊಂದ್ರು. 1948ರಲ್ಲಿ ಅಮೆರಿಕಕ್ಕೆ ಬಂದು ಡಲ್ಲಾಸ್, ಮೆಟ್ರೊಪಾಲಿಟನ್ ಆಪೆರಾ, ಷಿಕಾಗೋ ಸಿಂಫನಿ ಅಂತ ಪ್ರಿನ್ಸಿಪಲ್ ಚೆಲ್ಲೋ, ಅಂದ್ರೆ ಚೆಲ್ಲೋ ಸೆಕ್ಷನ್ನಿನ ಮೊದಲ ಕುರ್ಚಿಗಳಲ್ಲಿ ಕೂತು ಬಂದೋರು. ಹಂಗೇರಿಯ ಕಂಪೋಸರ್ ಕೊಡಾಯಿಯ ಚೆಲ್ಲೋ ಸೋಲೋ ಸೊನಾಟಾ ಅಂದ್ರೆ ಇವ್ರ ಹೆಸ್ರೇ ಬರ್ಬೇಕು. ಎಕ್ಸಾಮ್ ಪಾಯಿಂಟ್: ಅದ್ರಲ್ಲಿ ಕೆಳಗಿನ ಎರಡು ತಂತಿನ ಅರ್ಧ ಸ್ವರ ಇಳಿಸಿ ಶ್ರುತಿ ಮಾಡ್ಕೋಬೇಕು, ಜಿ ಹೋಗಿ ಎಫ್ ಶಾರ್ಪ್, ಸಿ ಹೋಗಿ ಬಿ, ಇದಕ್ಕೆ ಸ್ಕೋರ್ದಾತುರಾ ಅಂತಾರೆ.

ಸ್ಟಾರ್ಕರ್ ಪಾಠದಲ್ಲಿ ಭಾವ ಗೀವ ಎಲ್ಲ ಆಮೇಲೆ, ಮೊದ್ಲು ಮೈ. ಭುಜ ಬಿಗಿಯಾಗಿದ್ಯಾ, ಉಸಿರು ಹಿಡ್ಕೊಂಡಿದೀಯಾ, ಪೊಸಿಷನ್ (ತಂತಿ ಮೇಲೆ ಎಡಗೈ ಇರೋ ಜಾಗ) ಬದಲಾಯಿಸೋಕೆ ಕೈ ಮೊದ್ಲೇ ತಯಾರಾಗಿದ್ಯಾ. ಉದಾಹರಣೆಗೆ ಶಿಫ್ಟ್ (ಹಾಗೆ ಪೊಸಿಷನ್ ಬದಲಾಯಿಸೋದು) ಜೊತೆಗೇ ಬೋ ಕೂಡ ತಿರುಗೋ ಜಾಗ ಇದೆ ಅಂತಿಟ್ಕೊಳಿ, ಕೈ ಹಳೇ ಬೋನಲ್ಲೇ ಜಾರಿ ಮುಗಿಸ್ಬಹುದು, ಇಲ್ಲಾ ಹೊಸ ಬೋ ಶುರುವಾದ್ಮೇಲೆ ಜಾರ್ಬಹುದು. ಎರಡರ ಸದ್ದೂ ಬೇರೆ, ಯಾವ್ದು ಬೇಕು ಅಂತ ಮೊದ್ಲೇ ನಿರ್ಧಾರ ಮಾಡ್ಬೇಕು, ಕೈಗೆ ತೋಚಿದ್ದನ್ನ ಮಾಡೋಹಾಗಿಲ್ಲ. ಎಡಗೈಗೆ ಅಂತಾನೇ ಇವ್ರದ್ದೊಂದು ಎಕ್ಸರ್ಸೈಜ್ ಪುಸ್ತಕ ಇದೆ, ನುಡಿಸಿದ್ರೆ ಟ್ಯೂನ್ ಅನ್ನೋದೇ ಇರಲ್ಲ, ನಂಗಂತೂ ಬೋರು, ಆದ್ರೂ ಬೆರಳು ಎಲ್ಲಿ ಕೂರ್ಬೇಕು ಅನ್ನೋದಕ್ಕೆ ಅಷ್ಟು ಕ್ಲಿಯರ್ ಆಗಿರೋದು ಇನ್ನೊಂದು ನೋಡಿಲ್ಲ. ಮನುಷ್ಯ ಖಡಕ್ಕು, ಹೊಗಳಿಕೆ ಅಪರೂಪ, ಸಿಗರೇಟ್ ಮಾತ್ರ ವಿಪರೀತ.

ಪ್ರಿಮ್ರೋಸ್ ಬಗ್ಗೆ ಚಿಕ್ಕದಾಗಿ. ಗ್ಲಾಸ್ಗೋದೋರು, 1904. ಇವ್ರೂ ಇಸಾಯಿ ಶಿಷ್ಯರೇ, ವಯಲಿನ್ ಬಿಟ್ಟು ವಿಯೋಲಾ ಹಿಡಿ ಅಂತ ಹೇಳಿದ್ದೂ ಇಸಾಯಿನೇ. ಕಂಪೋಸರ್ ಬಾರ್ಟೋಕ್‌ನ ಕೈಲಿ ವಿಯೋಲಾ ಕಾನ್ಸರ್ಟೋ ಬರ್ಸಿದ್ದು ಇವ್ರು, 1949ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಕಂಡಕ್ಟರ್ ಅಂತಾಲ್ ದೊರಾತಿ ಜೊತೆ ಮೊದಲ ಪ್ರದರ್ಶನ ಕೊಟ್ಟಿದ್ದೂ ಇವ್ರೇ. ಟೊಸ್ಕನೀನಿಯ ಎನ್‌ಬಿಸಿ ಆರ್ಕೆಸ್ಟ್ರಾದಲ್ಲಿ ಇವ್ರೂ ಇದ್ರು, ಆ ದಿನಗಳಲ್ಲಿ ಪ್ರಿಮ್ರೋಸ್ ಕ್ವಾರ್ಟೆಟ್ ಅಂತ ನಾಲ್ಕು ಜನರ ತಂಡ ಕಟ್ಟಿದ್ರಲ್ಲ, ಅದ್ರಲ್ಲಿ ವಯಲಿನ್‌ಗೆ ಕೂತೋರಲ್ಲಿ ಗಿಂಗೋಲ್ಡೂ ಒಬ್ರು! ಅಂದ್ರೆ ಬ್ಲೂಮಿಂಗ್ಟನ್‌ಗೆ ಬರೋ ಹೊತ್ತಿಗೆ ಇಬ್ರೂ ಹಳೇ ಜೊತೆಗಾರರು. 1972ರ ತನಕ ಇದ್ದು ಆಮೇಲೆ ಜಪಾನಿಗೆ ಹೋದ್ರು.

ಅಪ್ಲೈ ಮಾಡೋರಿಗೆ ಒಂದ್ ಮಾತು. ಇಂಥ ಸ್ಕೂಲಲ್ಲಿ ನೀವು ಸೇರೋದು ಒಬ್ಬ ಮೇಷ್ಟ್ರ ಸ್ಟುಡಿಯೋಗೆ, ಅಂದ್ರೆ ಅವ್ರ ಶಿಷ್ಯರ ಗುಂಪಿಗೆ, ವಾರಕ್ಕೊಂದು ಒಬ್ರೇ ಕೂತು ಕಲಿಯೋ ಪಾಠ, ಜೊತೆಗೆ ಆರ್ಕೆಸ್ಟ್ರಾ, ಚೇಂಬರ್ ಮ್ಯೂಸಿಕ್ (ಚಿಕ್ಕ ಗುಂಪಲ್ಲಿ ನುಡಿಸೋದು), ಥಿಯರಿ, ಕೊನೆಗೆ ಜೂರಿ ಅಂತ ಮೇಷ್ಟ್ರುಗಳ ಗುಂಪಿನ ಮುಂದೆ ನುಡಿಸೋ ಪರೀಕ್ಷೆ. ಹಾಗಾಗಿ ರ‍್ಯಾಂಕಿಂಗ್ ನೋಡ್ಕೊಂಡು ಕೂರೋ ಬದ್ಲು ಮೇಷ್ಟ್ರಿಗೆ ಮೇಲ್ ಹಾಕಿ ಟ್ರಯಲ್ ಲೆಸನ್ ಕೇಳಿ, ಎಲ್ಲೆಲ್ಲಿ ನುಡಿಸಿ ಬಂದಿದಾರೆ ಅಂತಾನೂ ನೋಡ್ಕೊಳಿ. ನಿಮ್ಗೆ ಬೇಕಾಗಿರೋದು ಆರ್ಕೆಸ್ಟ್ರಾ ಕೆಲ್ಸ ಆದ್ರೆ ಎಕ್ಸರ್ಪ್ಟ್ಸ್ ಕ್ಲಾಸ್ ಯಾರು ತಗೋತಾರೆ ಅಂತ ಮೊದಲ ಮೇಲಲ್ಲೇ ಕೇಳ್ಬಿಡಿ.