"ಮೇಡಂ, ಲಕ್ಕಿ ಸೊಪ್ಪು ಎಷ್ಟು ಕುದಿಸಲಿ?"

ಮಳೆಗಾಲ ಶುರುವಾದರೆ ಈ ಫೋನ್ ಬಂದೇ ಬರುತ್ತದೆ. "ಜ್ವರಕ್ಕೆ ಲಕ್ಕಿ ಸೊಪ್ಪು ಒಳ್ಳೇದು ಅಂತ ನೀವೇ ಪರೀಕ್ಷೆ ಮಾಡಿದ್ದೀರಲ್ವಾ? ಎಷ್ಟು ಎಲೆ ಕುದಿಸಲಿ?"

ಹೌದು, ನಮ್ಮ ಲ್ಯಾಬಿನಲ್ಲಿ ಇಲಿಗಳ ಮೇಲೆ ಮಾಡಿದ್ದೇವೆ. ಇಲಿಗೆ ಯೀಸ್ಟ್ ಚುಚ್ಚಿ ಜ್ವರ ಬರಿಸುತ್ತೇವೆ. ಸುಮಾರು 18 ಗಂಟೆ ಬಿಟ್ಟು ಎಲೆಯ ಸಾರ ಕುಡಿಸಿ, ಗಂಟೆಗೊಮ್ಮೆ ತಾಪ ನೋಡುತ್ತೇವೆ. ಹೋಲಿಕೆಗೆ ಇನ್ನೊಂದು ಗುಂಪಿಗೆ ಪ್ಯಾರಾಸಿಟಮಾಲ್. ನೋವಿನ ಪರೀಕ್ಷೆಗೆ 55 ಡಿಗ್ರಿಯ ಬಿಸಿ ತಟ್ಟೆ. ಇಲಿ ಎಷ್ಟು ಸೆಕೆಂಡಿಗೆ ಪಾದ ನೆಕ್ಕುತ್ತದೆ ಅಂತ ಎಣಿಸುವುದು. 15 ಸೆಕೆಂಡ್ ಆದರೆ ನೆಕ್ಕದಿದ್ದರೂ ಎತ್ತಿಬಿಡಬೇಕು, ಪಾದ ಸುಡಬಾರದು. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಆದರೆ ಆ ಸಾರ ನಿಮ್ಮ ಕಷಾಯ ಅಲ್ಲ. ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ನಾವು ಒಣಗಿಸಿದ ಎಲೆಯ ಪುಡಿಯನ್ನು ಮೆಥನಾಲ್ ಅನ್ನುವ ಒಂದು ಬಗೆಯ ಆಲ್ಕೋಹಾಲ್‌ನಲ್ಲಿ ನೆನೆಸಿ, ಸೋಸಿ, ಮೆಥನಾಲ್ ಪೂರ್ತಿ ಆರಿಸುತ್ತೇವೆ. ಕೊನೆಗೆ ಉಳಿಯುವುದು ಕಪ್ಪು ಹಸಿರಿನ ಅಂಟು. ಮೆಥನಾಲ್‌ಗೆ ಇಳಿಯುವುದೆಲ್ಲ ನೀರಿಗೆ ಇಳಿಯುವುದಿಲ್ಲ. ನೀರಿಗೆ ಇಳಿಯುವ ಕೆಲವು ಅಂಶಗಳನ್ನು ನಾವು ಪರೀಕ್ಷಿಸಿಯೇ ಇಲ್ಲ.

ಲೆಕ್ಕವನ್ನೂ ನೋಡಿ. ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಕೊಟ್ಟೆವು ಅಂದುಕೊಳ್ಳಿ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ಸುಮಾರು 6.2ರಿಂದ ಭಾಗಿಸುವುದು ರೂಢಿ, ಅಂದರೆ ಕಿಲೋಗೆ ಸುಮಾರು 65 ಮಿಲಿಗ್ರಾಂ. 60 ಕಿಲೋದವರಿಗೆ ಹತ್ತಿರಹತ್ತಿರ 3.9 ಗ್ರಾಂ ಸಾರ ಆಯಿತು. 100 ಗ್ರಾಂ ಪುಡಿಗೆ 10 ಗ್ರಾಂ ಸಾರ ಸಿಕ್ಕರೂ, ಒಂದು ಹೊತ್ತಿಗೆ 39 ಗ್ರಾಂ ಒಣ ಎಲೆ ಬೇಕು! ಇದು ಬರೀ ಅಂದಾಜು. ಮನುಷ್ಯರಲ್ಲಿ ಹೊಸ ಔಷಧ ಪರೀಕ್ಷಿಸುವಾಗ ಇದಕ್ಕಿಂತ ಎಷ್ಟೋ ಕಡಿಮೆಯಿಂದ ಶುರು ಮಾಡುತ್ತಾರೆ.

ಬಾಣಂತಿಯ ಸ್ನಾನದ ನೀರಿಗೆ ಲಕ್ಕಿ ಸೊಪ್ಪು ಹಾಕಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ನಮ್ಮಮ್ಮ ನನಗೂ ಹಾಕಿದ್ದರು, ಆ ಘಮ ಈಗಲೂ ಇಷ್ಟ. ಮೈಗೆ ಹಾಕುವುದು ಬೇರೆ, ಹೊಟ್ಟೆಗೆ ಕುಡಿಯುವುದು ಬೇರೆ.

ಒಮ್ಮೆ ಪಕ್ಕದ ಬೀದಿಯ ತಾಯಿಯೊಬ್ಬರು ಮಗನಿಗೆ ನಾಲ್ಕು ದಿನ ಕಷಾಯ ಕುಡಿಸಿದರು. ಐದನೇ ದಿನ ಜ್ವರ ಬಿಟ್ಟಿತು. ಖುಷಿಯಿಂದ ನನಗೆ ಫೋನ್ ಮಾಡಿದರು. ಹುಡುಗನಿಗೆ ಹೊಟ್ಟೆನೋವು, ವಾಂತಿ ಅಂತ ಮಾತಿನ ನಡುವೆ ಸುಮ್ನೆ ಹೇಳಿದರು. ನನ್ನ ಎದೆ ಧಸಕ್ ಅಂದಿತು. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಈಗಲೇ ಆಸ್ಪತ್ರೆಗೆ ಹೊರಡಿ ಅಂದೆ. ಡೆಂಗಿಯೇ ಆಗಿತ್ತು. ಆರು ದಿನ ಡ್ರಿಪ್ ಹಾಕಿಸಿಕೊಂಡು ಹುಡುಗ ಮನೆಗೆ ಬಂದ.

ಯೀಸ್ಟ್ ಚುಚ್ಚಿದ ಇಲಿಗೆ ಡೆಂಗಿ ಇರುವುದಿಲ್ಲ, ಟೈಫಾಯ್ಡ್ ಇರುವುದಿಲ್ಲ. ಅದರ ಜ್ವರ ಯಾಕೆ ಬಂತು ಅಂತ ನಮಗೆ ಮೊದಲೇ ಗೊತ್ತು. ನಿಮ್ಮ ಮಗುವಿನದು ಯಾಕೆ ಬಂತು ಅಂತ ರಕ್ತ ಪರೀಕ್ಷೆ ಮಾಡಿಸಿದ ಮೇಲೆ ನನಗೆ ಫೋನ್ ಮಾಡಿ.