ಬೆನ್ನುಹುರಿಯ ಗಾಯಕ್ಕೆ ಔಷಧ ತುಂಬಿದ ಎಳೆಗಳು

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಸಿಲ್ವರ್ ಓಕ್ ಮರಗಳಿಗೆ ಏಣಿ ಏರುತ್ತದೆ, ಕಾಳುಮೆಣಸು ಕೊಯ್ಯಲು. ಮುಂಗಾರಿಗೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಎರಡೂ ಎತ್ತರದ ಕೆಲಸ. ಬಿದ್ದು ಕೈಕಾಲು ಮುರಿದುಕೊಂಡವರು ಕೆಲವು ತಿಂಗಳಿಗೆ ಮತ್ತೆ ತೋಟಕ್ಕೆ ಬರುತ್ತಾರೆ. ಬೆನ್ನುಹುರಿಗೆ ಜೋರು ಪೆಟ್ಟಾದವರಿಗೆ ಆ ಭಾಗ್ಯ ಸಿಗುವುದು ಅಪರೂಪ. ಮೂಳೆ ಕೂಡಿಕೊಳ್ಳುತ್ತದೆ. ಕೈಯ ನರ ಕತ್ತರಿಸಿದರೂ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿ ಮಾತ್ರ ಯಾಕೆ ಹೀಗೆ?

ಅಲ್ಲಿನ ನರಕೋಶಗಳಿಗೆ ಬೆಳೆಯುವ ಶಕ್ತಿ ಪೂರ್ತಿ ಇಲ್ಲವೆಂದೇನಲ್ಲ. 1981ರಲ್ಲಿ ಕೆನಡಾದ ಆಲ್ಬರ್ಟ್ ಅಗ್ವಾಯೊ ಮತ್ತು ಸ್ಯಾಮ್ಯುಯೆಲ್ ಡೇವಿಡ್ ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೆ ಸೇತುವೆಯಾಗಿ ಜೋಡಿಸಿದಾಗ, ಬೆನ್ನುಹುರಿಯೊಳಗಿನ ನರತಂತುಗಳು ಆ ಸೇತುವೆಯಲ್ಲಿ ಸುಮಾರು 30 ಮಿಲಿಮೀಟರ್ ದೂರ ಬೆಳೆದವು. ಅಡ್ಡಿ ಇರುವುದು ಹೆಚ್ಚಾಗಿ ಸುತ್ತಲಿನ ಪರಿಸರದಲ್ಲಿ. ಪೆಟ್ಟು ಬಿದ್ದ ಮೇಲೆ ಗಂಟೆಗಳು, ದಿನಗಳವರೆಗೆ ಊತ, ರಕ್ತಸ್ರಾವ, ಉರಿಯೂತ ಸೇರಿ ಗಾಯವನ್ನು ಹಿಗ್ಗಿಸುತ್ತವೆ. ಬಿದ್ದವರನ್ನು ಎತ್ತಿ ಜೀಪಿನಲ್ಲಿ ಕೂರಿಸಬೇಡಿ, ಕುತ್ತಿಗೆ ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ: ಮುರಿದ ಮೂಳೆ ಸರಿದರೆ ಉಳಿದಿರುವ ತಂತುಗಳೂ ಹೋಗುತ್ತವೆ. ವಾರಗಳು ಕಳೆದಂತೆ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಎಂಬ ಕೋಶಗಳು ಗಾಯದ ಸುತ್ತ ಗಟ್ಟಿ ಕಲೆ ಕಟ್ಟುತ್ತವೆ. ಅದು ಗಾಯ ಹರಡದಂತೆ ತಡೆಯುತ್ತದೆ, ಆದರೆ ಅದರಲ್ಲಿರುವ ಕೆಲವು ರಾಸಾಯನಿಕಗಳು ನರತಂತು ಮುಂದೆ ಬೆಳೆಯದಂತೆಯೂ ನಿಲ್ಲಿಸುತ್ತವೆ.

ಹಾಗಾದರೆ ಔಷಧ ಕೊಡಬಾರದೇ? 1990ರ ಒಂದು ದೊಡ್ಡ ಪ್ರಯೋಗದ ನಂತರ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುವ ಪದ್ಧತಿ ಹಬ್ಬಿತು. ಪ್ರಯೋಜನ ಅಲ್ಪ. ಸೋಂಕು, ಹೊಟ್ಟೆಯೊಳಗಿನ ರಕ್ತಸ್ರಾವದ ಅಪಾಯ ಮಾತ್ರ ಇಡೀ ಮೈಗೆ. ಔಷಧ ಬೇಕಿದ್ದದ್ದು ಒಂದೆರಡು ಸೆಂಟಿಮೀಟರ್ ಜಾಗಕ್ಕೆ, ಅದೂ ವಾರಗಟ್ಟಲೆ.

ಗಾಯದ ಜಾಗದಲ್ಲೇ ಕೂರಿಸುವ, ಔಷಧ ತುಂಬಿದ ಎಳೆಗಳ ಮಹತ್ವ ಇಲ್ಲಿದೆ. ಪಾಲಿಲ್ಯಾಕ್ಟಿಕ್ ಆಮ್ಲದಂಥ, ದೇಹದಲ್ಲಿ ಕರಗುವ ಪಾಲಿಮರನ್ನು (ಪ್ಲಾಸ್ಟಿಕ್ಕಿನಂಥ ವಸ್ತು) ದ್ರಾವಕದಲ್ಲಿ ಕರಗಿಸಿ, ಔಷಧ ಬೆರೆಸಿ, ಸಿರಿಂಜಿಗೆ ತುಂಬುತ್ತಾರೆ. ಸೂಜಿಗೆ ಹತ್ತಾರು ಸಾವಿರ ವೋಲ್ಟ್ ಕೊಟ್ಟಾಗ ತುದಿಯ ಹನಿ ಸೆಳೆತಕ್ಕೆ ಸಿಕ್ಕಿ ಚಿಮ್ಮುತ್ತದೆ, ಹಾರುತ್ತಲೇ ದ್ರಾವಕ ಆವಿಯಾಗಿ ಎಳೆಯಾಗುತ್ತದೆ. ದಪ್ಪ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ವೇಗವಾಗಿ ತಿರುಗುವ ಉರುಳೆಯ ಮೇಲೆ ಹಿಡಿದರೆ ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಕೂರುತ್ತವೆ. ಈ ಸಾಲು ತುಂಬ ಮುಖ್ಯ. ಮೆಣಸಿನ ಬಳ್ಳಿ ಮರವನ್ನು ತಬ್ಬಿ ಏರುವಂತೆ ನರತಂತುವೂ ಎಳೆಯನ್ನು ಹಿಡಿದು ಅದರ ದಿಕ್ಕಿಗೇ ಬೆಳೆಯುತ್ತದೆ. ಅಡ್ಡಾದಿಡ್ಡಿ ಎಳೆಗಳ ಮೇಲೆ ಬಿಟ್ಟರೆ ದಿಕ್ಕು ತಪ್ಪುತ್ತದೆ. ಇತ್ತ ದೇಹದ ನೀರು ಪಾಲಿಮರಿನ ಕೊಂಡಿಗಳನ್ನು ನಿಧಾನವಾಗಿ ಒಡೆಯುತ್ತದೆ, ಒಳಗಿನ ಔಷಧ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಕೊನೆಗೆ ಉಳಿಯುವ ಲ್ಯಾಕ್ಟಿಕ್ ಆಮ್ಲ ನಮ್ಮ ಸ್ನಾಯುಗಳಿಗೆ ಹೊಸದಲ್ಲ. ಯಾವ ಔಷಧವನ್ನು ಯಾವಾಗ ಬಿಡಬೇಕೆಂಬುದು ಇನ್ನೂ ಕಷ್ಟದ ಪ್ರಶ್ನೆ: ಮೊದಲ ದಿನಗಳಲ್ಲಿ ಉರಿಯೂತ ತಗ್ಗಿಸುವುದು, ಆಮೇಲೆ ಕಲೆಯ ಅಡ್ಡಿ ಕರಗಿಸುವ ಕಿಣ್ವ ಅಥವಾ ನರವನ್ನು ಬೆಳೆಸುವ ಪ್ರೋಟೀನ್. ಪಾಲಿಮರಿನ ಬಗೆ, ಎಳೆಯ ದಪ್ಪ ಬದಲಿಸಿ ಈ ವೇಗವನ್ನು ಹೊಂದಿಸಲು ನೋಡುತ್ತಾರೆ. ನನಗೆ ಅತಿ ಹೆಚ್ಚು ಭರವಸೆ ಕೊಡುವುದು ಈ ಕೆಲಸವೇ.

ಆದರೂ ಇದರಲ್ಲಿ ಬಹುಪಾಲು ಇನ್ನೂ ಇಲಿಗಳಲ್ಲೇ ಇದೆ, ಅಲ್ಲಿ ದಾಟಬೇಕಾದ ಅಂತರ ಕೆಲವೇ ಮಿಲಿಮೀಟರ್. ಔಷಧವಿಲ್ಲದ, ಕರಗುವ ಪಾಲಿಮರ್ ಚೌಕಟ್ಟೊಂದನ್ನು ಅಮೆರಿಕದಲ್ಲಿ ರೋಗಿಗಳಿಗೆ ಅಳವಡಿಸಿ ನೋಡಿದರು. 2023ರ ಫಲಿತಾಂಶ ಗುರಿ ಮುಟ್ಟಲಿಲ್ಲ. ಇನ್ನೊಂದು ತೊಡಕು: ಮನುಷ್ಯರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಪೂರ್ತಿ ತುಂಡಾಗಿರುವುದಿಲ್ಲ, ಜಜ್ಜಿರುತ್ತದೆ. ಎಳೆ ಕೂರಿಸಲು ಅದನ್ನು ಕೊಯ್ದರೆ ಉಳಿದ ತಂತುಗಳಿಗೇ ಕುತ್ತು. ಅದಕ್ಕೇ ಕೆಲವು ಪ್ರಯೋಗಾಲಯಗಳು ಎಳೆಗಳನ್ನು ಸಣ್ಣಗೆ ತುಂಡರಿಸಿ, ಕಬ್ಬಿಣದ ಆಕ್ಸೈಡಿನ ಕಣ ಸೇರಿಸಿ, ಜೆಲ್‌ನೊಂದಿಗೆ ಸೂಜಿಯಲ್ಲಿ ಒಳಗೆ ಬಿಟ್ಟು, ಹೊರಗಿನ ಅಯಸ್ಕಾಂತದಿಂದ ಸಾಲುಗೂಡಿಸುವ ದಾರಿಯನ್ನು ಹುಡುಕುತ್ತಿವೆ.