‘ನಾಟ್ ಡಿಟೆಕ್ಟೆಡ್’ ಅಂದರೆ ‘ಇಲ್ಲ’ ಅಂತಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಲ್ಯಾಬಿನ ಕೌಂಟರ್ ಹತ್ತಿರ ಒಬ್ಬರು ರಿಪೋರ್ಟ್ ಹಿಡಿದು ನಿಂತಿದ್ದರು. ವಯಸ್ಸು ಮೂವತ್ತಾರೋ ಮೂವತ್ತೇಳೋ ಇರಬೇಕು. ಜೊತೆಗೆ ಅವರ ಅಕ್ಕ. ನಾನು ಒಳಗಿನಿಂದ ಬರುವುದನ್ನು ನೋಡಿ ಅಕ್ಕನೇ ಮುಂದೆ ಬಂದರು. "ಮೇಡಂ, ಇದರಲ್ಲಿ ನಾಟ್ ಡಿಟೆಕ್ಟೆಡ್ ಅಂತ ಬರೆದಿದೆ. ಅಂದ್ರೆ ನನ್ನ ತಮ್ಮನಿಗೆ ಕ್ಯಾನ್ಸರ್ ಹೋಯ್ತು ಅಂತ ಅಲ್ವಾ? ಇನ್ನು ಆ ಮಾತ್ರೆ ನಿಲ್ಲಿಸಬಹುದಾ?"

ನಾನು ಮೆಡಿಕಲ್ ಬಯೋಕೆಮಿಸ್ಟ್. ರೋಗಿಯನ್ನು ನೋಡಿ ಔಷಧಿ ಬರೆಯುವುದು ನನ್ನ ಕೆಲಸವಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಬರುವ ರಕ್ತದ ಒಳಗೆ ಏನಿದೆ, ಎಷ್ಟಿದೆ ಅಂತ ಹುಡುಕಿ ಹೇಳುವುದು ನನ್ನ ಕೆಲಸ. ಆದರೂ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಆ ಸಂತೋಷದ ಮುಖ ನೋಡಿ "ಇಲ್ಲ, ನಿಲ್ಲಿಸಬೇಡಿ" ಅಂತ ಹೇಳುವುದು ಸುಲಭವಲ್ಲ. ಬರೀ ಬೇಡ ಅಂದರೆ ಸಾಲದು, ಯಾಕೆ ಬೇಡ ಅಂತಲೂ ಹೇಳಬೇಕು. ಆ ‘ಯಾಕೆ’ಯನ್ನು ಕೌಂಟರ್ ಹತ್ತಿರ ಐದು ನಿಮಿಷದಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರಿಗಿದ್ದದ್ದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಎಲ್ಲರೂ ಸಿಎಂಎಲ್ ಅನ್ನುತ್ತಾರೆ. ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಇದು. ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಒಂದು ಮೈಕ್ರೋಲೀಟರಿಗೆ 4,000ದಿಂದ 11,000 ಇರುತ್ತವೆ. ಸಿಎಂಎಲ್ ಇರುವವರಲ್ಲಿ ಅದು ಲಕ್ಷ ದಾಟುವುದುಂಟು. ಸುಸ್ತು, ತೂಕ ಇಳಿಯುವುದು, ಎಡಪಕ್ಕೆಯ ಕೆಳಗೆ ಏನೋ ಭಾರ ಅನ್ನಿಸುವುದು, ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗಾಗುವುದು. ಆ ಭಾರ ದೊಡ್ಡದಾದ ಸ್ಪ್ಲೀನಿನದು, ಅಂದರೆ ಗುಲ್ಮದ್ದು. ಇನ್ನು ಕೆಲವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಅರವತ್ತರ ಆಸುಪಾಸಿನವರಲ್ಲಿ ಕಾಣಿಸುತ್ತದೆ. ನಮ್ಮ ದೇಶದ ರೋಗಿಗಳು ಅವರಿಗಿಂತ ತುಂಬಾ ಚಿಕ್ಕವರು, ಮೂವತ್ತೈದು ನಲವತ್ತರ ಆಸುಪಾಸಿನವರೇ ಜಾಸ್ತಿ. ದುಡಿಯುವ ವಯಸ್ಸು, ಮಕ್ಕಳು ಇನ್ನೂ ಶಾಲೆಯಲ್ಲಿರುವ ವಯಸ್ಸು. ಮಾತ್ರೆ ನಿಲ್ಲಿಸಬಹುದಾ ಅನ್ನುವ ಪ್ರಶ್ನೆಯ ಹಿಂದೆ ಇದೆಲ್ಲ ಇದೆ.

ಕ್ಯಾನ್ಸರ್ ಸಂಶೋಧನೆಯಲ್ಲಿ ಸಿಎಂಎಲ್‌ಗೆ ಒಂದು ವಿಶೇಷ ಜಾಗವಿದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಜೀವಕೋಶದಲ್ಲಿ ಒಂದು ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತಿರುವ ದಾರ, ತೀರಾ ಗಿಡ್ಡವಾಗಿರುವುದನ್ನು ಕಂಡರು. ಅದಕ್ಕೂ ಮೊದಲು ನೋವೆಲ್ ಗಾಜಿನ ಸ್ಲೈಡನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದರು. ನೀರು ಕುಡಿದ ಜೀವಕೋಶಗಳು ಉಬ್ಬಿ, ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಹಾಗಾಗಿ ಅವುಗಳನ್ನು ನೋಡಲು ಸಾಧ್ಯವಾಯಿತು. ಆ ಗಿಡ್ಡ ಕ್ರೋಮೋಸೋಮಿಗೆ ಊರಿನ ಹೆಸರೇ ನಿಂತಿತು, ಫಿಲಡೆಲ್ಫಿಯಾ ಕ್ರೋಮೋಸೋಮ್.

ಗಿಡ್ಡವಾದದ್ದು ಯಾಕೆ? ತುಂಡು ಕಳೆದುಹೋಗಿದೆ ಅಂತಲೇ ಹದಿಮೂರು ವರ್ಷ ಅಂದುಕೊಂಡಿದ್ದರು. ಷಿಕಾಗೋದ ಜಾನೆಟ್ ರೌಲಿ ಬಣ್ಣ ಹಾಕಿದ ಕ್ರೋಮೋಸೋಮ್‌ಗಳ ಫೋಟೋಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ಜೋಡಿಸಿ ನೋಡುತ್ತಿದ್ದರು. ನಾಲ್ಕು ಮಕ್ಕಳ ತಾಯಿ ಅವರು. 22ನೇ ಕ್ರೋಮೋಸೋಮಿನಿಂದ ಹೋದ ತುಂಡು ಕಳೆದಿಲ್ಲ, 9ನೇ ಕ್ರೋಮೋಸೋಮಿನ ತುದಿಗೆ ಅಂಟಿಕೊಂಡಿದೆ ಅಂತ 1973ರಲ್ಲಿ ಅವರು ತೋರಿಸಿದರು. ನನ್ನ ವಿದ್ಯಾರ್ಥಿಗಳಿಗೆ ಈ ಕತೆಯನ್ನು ಪ್ರತಿ ವರ್ಷ ಹೇಳುತ್ತೇನೆ. ಯಂತ್ರ ದೊಡ್ಡದಿದ್ದರೆ ಮಾತ್ರ ಸಂಶೋಧನೆ ಅಂದುಕೊಂಡಿರುವವರು ಆ ಊಟದ ಮೇಜನ್ನು ನೆನೆಸಿಕೊಳ್ಳಬೇಕು ಅಂತ ನನ್ನ ಆಸೆ.

ಎರಡು ಕ್ರೋಮೋಸೋಮ್‌ಗಳು ತುಂಡು ಬದಲಾಯಿಸಿಕೊಂಡಾಗ 9ನೆಯದರಲ್ಲಿದ್ದ ಏಬಿಎಲ್ ಅನ್ನುವ ಜೀನ್ ಬಂದು 22ನೆಯದರ ಬಿಸಿಆರ್ ಜೀನಿಗೆ ಅಂಟಿಕೊಳ್ಳುತ್ತದೆ. ಎರಡೂ ಸೇರಿ ಬಿಸಿಆರ್-ಏಬಿಎಲ್ ಅನ್ನುವ ಒಂದು ಹೊಸ ಜೀನ್. ಆರೋಗ್ಯವಂತರ ದೇಹಕ್ಕೆ ಬೇಕಿಲ್ಲದ ಒಂದು ಪ್ರೋಟೀನನ್ನು ಅದು ತಯಾರಿಸುತ್ತದೆ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಮೂಳೆ ಮಜ್ಜೆಯ ಒಂದೇ ಒಂದು ಜೀವಕೋಶದಲ್ಲಿ ಆದ ತಪ್ಪು. "ನಾನೇನು ಪಾಪ ಮಾಡಿದ್ದೆ" ಅಂತ ಕೇಳುವವರಿಗೆ ಇದನ್ನು ನಾನು ಎರಡೆರಡು ಸಲ ಹೇಳುತ್ತೇನೆ.

ಇಲ್ಲಿಂದ ಮುಂದೆ ಪೂರ್ತಿ ಬಯೋಕೆಮಿಸ್ಟ್ರಿ. ಏಬಿಎಲ್ ಒಂದು ಕೈನೇಸ್, ಅಂದರೆ ಒಂದು ಬಗೆಯ ಕಿಣ್ವ. ಎಟಿಪಿ ಅನ್ನುವ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನಿಗೆ ಅಂಟಿಸುವುದು ಅದರ ಕೆಲಸ. ಫಾಸ್ಫೇಟ್ ಅಂಟಿದರೆ ಆ ಪ್ರೋಟೀನಿಗೆ ‘ಏಳು, ಕೆಲಸ ಮಾಡು’ ಅಂತ ಹೇಳಿದ ಹಾಗೆ. ಮಾಮೂಲಿ ಏಬಿಎಲ್ ತೋಟದ ಪಂಪ್‌ಸೆಟ್ ಇದ್ದ ಹಾಗೆ. ಬೇಕಾದಾಗ ಸ್ಟಾರ್ಟರ್ ಒತ್ತಬೇಕು, ಸಾಕಾದಾಗ ನಿಲ್ಲಿಸಬೇಕು. ನಿಲ್ಲಿಸುವ ಏರ್ಪಾಡು ಆ ಪ್ರೋಟೀನಿನ ತಲೆಯ ಭಾಗದಲ್ಲೇ ಇದೆ. ಬಿಸಿಆರ್ ಬಂದು ಅಂಟಿಕೊಂಡಾಗ ಆ ತಲೆಯ ಭಾಗವೇ ಹೋಗುತ್ತದೆ. ಅಷ್ಟೇ ಅಲ್ಲ, ಬಿಸಿಆರ್‌ಗೆ ಗುಂಪು ಕಟ್ಟುವ ಗುಣವಿದೆ. ನಾಲ್ಕು ನಾಲ್ಕು ಪ್ರೋಟೀನ್‌ಗಳು ಒಟ್ಟು ಸೇರಿ ಒಂದನ್ನೊಂದು ಎಬ್ಬಿಸುತ್ತವೆ. ಹಗಲು ರಾತ್ರಿ ಪಂಪ್ ನಿಲ್ಲುವುದೇ ಇಲ್ಲ. ಜೀವಕೋಶ ಒಡೆದು ಎರಡಾಗುತ್ತಲೇ ಇರುತ್ತದೆ, ಸಾಯಬೇಕಾದಾಗ ಸಾಯುವುದಿಲ್ಲ.

ತಪ್ಪು ಒಂದೇ ಕಿಣ್ವದಲ್ಲಿದ್ದರೆ ಅದೊಂದನ್ನೇ ನಿಲ್ಲಿಸಬಹುದಲ್ಲ? ಕೇಳಲು ಸುಲಭ. ಆದರೆ ಮನುಷ್ಯರಲ್ಲಿ 500ಕ್ಕೂ ಹೆಚ್ಚು ಕೈನೇಸ್‌ಗಳಿವೆ. ಎಲ್ಲವೂ ಅದೇ ಎಟಿಪಿಯನ್ನೇ ಬಳಸುತ್ತವೆ, ಎಟಿಪಿ ಕೂರುವ ಗುಳಿಯೂ ಹೆಚ್ಚುಕಡಿಮೆ ಒಂದೇ ಥರ. ಒಂದನ್ನು ಮುಚ್ಚಲು ಹೋದರೆ ಎಲ್ಲವೂ ಮುಚ್ಚಿಕೊಂಡು ವಿಷವಾದೀತು ಅಂತ ಬಹಳ ಜನ ಅಂದುಕೊಂಡಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಿಕೋಲಸ್ ಲೈಡನ್ ಮತ್ತು ಅವರ ಜೊತೆಗಾರರು ಇಂಥ ಅಣುಗಳನ್ನು ತಯಾರಿಸುತ್ತಿದ್ದರು. ಅಮೆರಿಕದ ಆರೆಗಾನ್‌ನಲ್ಲಿ ಬ್ರಯಾನ್ ಡ್ರೂಕರ್ ಅನ್ನುವ ವೈದ್ಯರು ಅವುಗಳಲ್ಲಿ ಒಂದನ್ನು ಸಿಎಂಎಲ್ ಜೀವಕೋಶಗಳ ಮೇಲೆ ಹಾಕಿ ನೋಡಿದರು. ಕ್ಯಾನ್ಸರ್ ಜೀವಕೋಶಗಳು ಸತ್ತವು, ಒಳ್ಳೆಯವು ಉಳಿದವು. ಅದೇ ಇಮಾಟಿನಿಬ್.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಲು ನಾನು ನಮ್ಮ ಬಸ್ ಸ್ಟ್ಯಾಂಡನ್ನೇ ಬಳಸುತ್ತೇನೆ. ಜಾತ್ರೆಯ ದಿನ ಬಸ್ ಬಂದ ತಕ್ಷಣ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯುತ್ತಾರಲ್ಲ, ಇಮಾಟಿನಿಬ್ ಆ ಟವೆಲ್. ಎಟಿಪಿ ಬಂದು ನೋಡಿದರೆ ಸೀಟ್ ಖಾಲಿ ಇಲ್ಲ. ಎಟಿಪಿ ಕೂರದಿದ್ದರೆ ಫಾಸ್ಫೇಟ್ ಇಲ್ಲ, ಫಾಸ್ಫೇಟ್ ಇಲ್ಲದಿದ್ದರೆ ಆಜ್ಞೆ ಇಲ್ಲ. ಏಬಿಎಲ್ ಕೆಲಸ ನಿಲ್ಲಿಸಿ ಮಡಚಿಕೊಂಡಾಗ ಆ ಗುಳಿಯ ಆಕಾರ ಬೇರೆ ಕೈನೇಸ್‌ಗಳಿಗಿಂತ ಬೇರೆಯಾಗಿರುತ್ತದೆ. ಇಮಾಟಿನಿಬ್ ಹಿಡಿಯುವುದು ಆ ಆಕಾರವನ್ನು. ಹಾಗಾಗಿ ಬೇರೆ ಸೀಟುಗಳ ತಂಟೆಗೆ ಅದು ಅಷ್ಟಾಗಿ ಹೋಗುವುದಿಲ್ಲ.

ಈ ಹೋಲಿಕೆಯಲ್ಲಿ ನನಗೆ ಮುಖ್ಯವಾದದ್ದು ಇನ್ನೊಂದಿದೆ. ಟವೆಲ್ ತೆಗೆದರೆ ಸೀಟ್ ಮತ್ತೆ ಖಾಲಿ. ಮಾತ್ರೆ ಜೀನನ್ನು ರಿಪೇರಿ ಮಾಡುವುದಿಲ್ಲ. ಅದು ಬರೀ ಸೀಟ್ ಹಿಡಿದಿರುತ್ತದೆ, ಅದೂ ರಕ್ತದಲ್ಲಿ ಸಾಕಷ್ಟು ಔಷಧಿ ಇರುವಷ್ಟು ಹೊತ್ತು ಮಾತ್ರ.

1998ರಲ್ಲಿ ರೋಗಿಗಳಿಗೆ ಮೊದಲ ಸಲ ಕೊಟ್ಟರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಎಣಿಕೆ ಸರಿಯಾಯಿತು. ಅವರೆಲ್ಲ ಹಳೆಯ ಔಷಧಿಯಾದ ಇಂಟರ್‌ಫೆರಾನ್‌ಗೆ ಬಗ್ಗದವರು. 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆಮೇಲಿನ ದೊಡ್ಡ ಅಧ್ಯಯನದಲ್ಲಿ ಇಮಾಟಿನಿಬ್‌ನಿಂದಲೇ ಚಿಕಿತ್ಸೆ ಶುರು ಮಾಡಿದವರಲ್ಲಿ 100ಕ್ಕೆ 89 ಜನ ಐದು ವರ್ಷದ ನಂತರವೂ ಬದುಕಿದ್ದರು. ನಮ್ಮ ದೇಶದಲ್ಲಿ ಇದರ ಬೆಲೆಯ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ಕೋರ್ಟ್ ಒಪ್ಪಲಿಲ್ಲ. ಆಗ ಬ್ರ್ಯಾಂಡ್ ಮಾತ್ರೆಗೆ ತಿಂಗಳಿಗೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ, ಇಲ್ಲಿನ ಜೆನೆರಿಕ್‌ಗೆ ಎಂಟು ಹತ್ತು ಸಾವಿರ. ಆ ತೀರ್ಪು ಎಷ್ಟು ಮನೆಗಳನ್ನು ಉಳಿಸಿದೆ ಅನ್ನುವುದು ನನಗೆ ಬರುವ ಟ್ಯೂಬ್‌ಗಳ ಮೇಲಿನ ಊರುಗಳ ಹೆಸರಿನಲ್ಲೇ ಕಾಣುತ್ತದೆ.

ಎಲ್ಲ ಕ್ಯಾನ್ಸರ್‌ಗೂ ಹೀಗೊಂದು ಮಾತ್ರೆ ಯಾಕಿಲ್ಲ ಅಂತ ಕೇಳುತ್ತಾರೆ. ಶ್ವಾಸಕೋಶದ್ದಿರಲಿ, ಕರುಳಿನದಿರಲಿ, ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ತಪ್ಪು ಒಂದಲ್ಲ, ಹತ್ತಾರು. ಸಿಎಂಎಲ್ ಅದೃಷ್ಟದ ವಿನಾಯಿತಿ.

ಈಗ ರಿಪೋರ್ಟಿಗೆ ಬರೋಣ. ಟ್ಯೂಬ್ ಬಂದಾಗ ನಾವು ಬಿಳಿ ಕಣಗಳನ್ನು ಬೇರ್ಪಡಿಸಿ ಅವುಗಳ ಆರ್‌ಎನ್‌ಎ, ಅಂದರೆ ಕೆಲಸ ಮಾಡುತ್ತಿರುವ ಜೀನ್‌ಗಳ ಪ್ರತಿಗಳನ್ನು, ತೆಗೆಯುತ್ತೇವೆ. ಅದನ್ನು ಡಿಎನ್‌ಎಯಾಗಿ ಬದಲಾಯಿಸಿ ಪಿಸಿಆರ್ ಯಂತ್ರದಲ್ಲಿ ಇಡುತ್ತೇವೆ. ಕೋವಿಡ್ ಕಾಲದಿಂದ ಪಿಸಿಆರ್ ಹೆಸರು ಎಲ್ಲರಿಗೂ ಗೊತ್ತು. ಇಲ್ಲಿ ಹುಡುಕುವುದು ವೈರಸ್ಸಲ್ಲ, ಬಿಸಿಆರ್-ಏಬಿಎಲ್ ಪ್ರತಿಗಳನ್ನು. ಜೊತೆಗೆ ಎಲ್ಲ ಜೀವಕೋಶಗಳಲ್ಲೂ ಇರುವ ಒಂದು ಮಾಮೂಲಿ ಜೀನನ್ನೂ ಎಣಿಸುತ್ತೇವೆ. ಅದು ಕಂಟ್ರೋಲ್ ಜೀನ್. ಕೆಟ್ಟದ್ದನ್ನು ಒಳ್ಳೆಯದರಿಂದ ಭಾಗಿಸಿ, ಎಲ್ಲ ಲ್ಯಾಬ್‌ಗಳಿಗೂ ಹೊಂದುವ ಅಂತರರಾಷ್ಟ್ರೀಯ ಅಳತೆಗೆ ತಂದು ಶೇಕಡಾ ಲೆಕ್ಕದಲ್ಲಿ ಕೊಡುತ್ತೇವೆ. ಚಿಕಿತ್ಸೆ ಶುರುವಾಗಿ ಮೂರು ತಿಂಗಳಿಗೆ ಅದು 10ಕ್ಕಿಂತ ಕೆಳಗೆ ಬರಬೇಕು. ಒಂದು ವರ್ಷಕ್ಕೆ 0.1 ಅಥವಾ ಅದಕ್ಕಿಂತ ಕಡಿಮೆ ಆಗಿದ್ದರೆ ಒಳ್ಳೆಯ ದಾರಿಯಲ್ಲಿದ್ದಾರೆ ಅಂತ.

ಆರ್‌ಎನ್‌ಎ ಬಹಳ ನಾಜೂಕು. ಬಿಸಿಲಿನಲ್ಲಿ, ಬಸ್ಸಿನ ಡಿಕ್ಕಿಯಲ್ಲಿ, ಕೊರಿಯರ್ ಗೋಡೌನಿನಲ್ಲಿ ಎರಡು ಮೂರು ದಿನ ಕಳೆದ ಟ್ಯೂಬಿನಲ್ಲಿ ಅದು ಪುಡಿಪುಡಿಯಾಗಿರುತ್ತದೆ. ಒಳ್ಳೆಯ ಜೀನಿನದೂ ಪುಡಿ, ಕೆಟ್ಟದರದೂ ಪುಡಿ. ಅಂಥ ರಕ್ತದಲ್ಲಿ ಬಿಸಿಆರ್-ಏಬಿಎಲ್ ಸಿಗದಿರುವುದು ಸಹಜ. ಸೂಜಿ ಹುಡುಕಲು ದೀಪವೇ ಇಲ್ಲದ ಕೋಣೆಗೆ ಹೋಗಿ, ಏನೂ ಕಾಣಲಿಲ್ಲ ಅಂತ ಬಂದ ಹಾಗೆ. ಆ ದೀಪ ಎಷ್ಟು ಉರಿಯುತ್ತಿತ್ತು ಅಂತ ಹೇಳುವುದು ಕಂಟ್ರೋಲ್ ಜೀನಿನ ಎಣಿಕೆ. ಕಂಟ್ರೋಲ್ ಆಗಿ ಏಬಿಎಲ್ ಬಳಸಿದರೆ ಕನಿಷ್ಠ 10,000 ಪ್ರತಿಗಳಾದರೂ ಸಿಗಬೇಕು. ತೀರಾ ಆಳಕ್ಕೆ ನೋಡಿ ‘ಕಾಣಿಸಿಲ್ಲ’ ಅನ್ನಬೇಕಾದರೆ 32,000.

ಅಕ್ಕ ಕೊಟ್ಟ ರಿಪೋರ್ಟ್ ನಮ್ಮದಾಗಿರಲಿಲ್ಲ, ಬೇರೆ ಕಡೆ ಮಾಡಿಸಿದ್ದು. ಕೆಳಗಿನ ಸಣ್ಣ ಅಕ್ಷರದಲ್ಲಿ ಕಂಟ್ರೋಲ್ ಎಣಿಕೆ ಇತ್ತು: 1,800. ಅಂಥ ರಿಪೋರ್ಟಿನ ಮೇಲೆ ‘ನಾಟ್ ಡಿಟೆಕ್ಟೆಡ್’ ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವುದು ತಪ್ಪು. ‘ಸ್ಯಾಂಪಲ್ ಸಾಲದು, ಮತ್ತೆ ಕಳಿಸಿ’ ಅಂತ ಬರೆಯಬೇಕಿತ್ತು. ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮುಂದೆ ಈ ಪರೀಕ್ಷೆ ಮಾಡಿಸುವವರು ಆ ಒಂದು ಸಂಖ್ಯೆಯನ್ನು ದಯವಿಟ್ಟು ಕೇಳಿ. ಬರೆದಿಲ್ಲದಿದ್ದರೆ ಬರೆದುಕೊಡಿ ಅನ್ನಿ.

ಒಳ್ಳೆಯ ಸ್ಯಾಂಪಲ್‌ನಲ್ಲಿ ಕಾಣಿಸದಿದ್ದರೂ ರೋಗ ಸೊನ್ನೆ ಅಂತಲ್ಲ. ಶುರುವಿನಲ್ಲಿ ಲಕ್ಷ ಕೋಟಿಯಷ್ಟು ಕ್ಯಾನ್ಸರ್ ಜೀವಕೋಶಗಳಿರುತ್ತವೆ. ನಮ್ಮ ಪರೀಕ್ಷೆಯ ಕಣ್ಣಿಗೆ ಬೀಳದಷ್ಟು ಕಡಿಮೆಯಾದಾಗಲೂ ಲಕ್ಷಗಟ್ಟಲೆ ಉಳಿದಿರಬಹುದು. ಕೆಲವರು ಮಾತ್ರೆ ನಿಲ್ಲಿಸಿ ಚೆನ್ನಾಗಿರುವುದು ನಿಜ. 2010ರಲ್ಲಿ ಫ್ರಾನ್ಸಿನ ವೈದ್ಯರು ಕನಿಷ್ಠ ಎರಡು ವರ್ಷ ಏನೂ ಕಾಣಿಸದಿದ್ದ 100 ಜನರಲ್ಲಿ ಮಾತ್ರೆ ನಿಲ್ಲಿಸಿ ನೋಡಿದ್ದನ್ನು ಪ್ರಕಟಿಸಿದರು. ಒಂದು ವರ್ಷದ ನಂತರ ಸುಮಾರು 40 ಜನರಲ್ಲಿ ರೋಗ ಮರಳಿರಲಿಲ್ಲ. ಉಳಿದವರಲ್ಲಿ ಮರಳಿತು, ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ. ಆದರೆ ಅವರ ರಕ್ತವನ್ನು ಮೊದಲ ವರ್ಷ ತಿಂಗಳು ತಿಂಗಳೂ ಪರೀಕ್ಷಿಸುತ್ತಿದ್ದರು. ಹಾಗಾಗಿ ಬೇಗ ಗೊತ್ತಾಗಿ, ಮಾತ್ರೆ ಮತ್ತೆ ಶುರು ಮಾಡಲು ಆಯಿತು. ವೈದ್ಯರು ಲೆಕ್ಕ ಹಾಕಿ ನಿಲ್ಲಿಸುವುದು ಬೇರೆ, ನಾವೇ ಸುಮ್ನೆ ಬಿಟ್ಟುಬಿಡುವುದು ಬೇರೆ.

ಪೂರ್ತಿ ಬಿಡುವವರಿಗಿಂತ ಆಗಾಗ ತಪ್ಪಿಸುವವರು ಜಾಸ್ತಿ. ಲಂಡನ್ನಿನಲ್ಲಿ 87 ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಚಿಪ್ ಹಾಕಿ, ಯಾವಾಗ ತೆಗೆಯುತ್ತಾರೆ ಅಂತ ಮೂರು ತಿಂಗಳು ದಾಖಲಿಸಿದರು. 100ಕ್ಕೆ 90ಕ್ಕಿಂತ ಹೆಚ್ಚು ಸರಿಯಾಗಿ ತೆಗೆದುಕೊಂಡವರಲ್ಲಿ ಆರು ವರ್ಷದಲ್ಲಿ ಆ 0.1ರ ಗುರಿ ಮುಟ್ಟುವ ಸಾಧ್ಯತೆ ಶೇಕಡಾ 94ರಷ್ಟು. 90 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಬರೀ 28. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ಅಷ್ಟು ವ್ಯತ್ಯಾಸ! ಇದನ್ನು ಓದಿದ ಮೇಲೆ ನಾನು ಟ್ಯೂಬಿನ ಜೊತೆ ಬರುವ ಚೀಟಿಯಲ್ಲಿ ‘ಕಳೆದ ತಿಂಗಳು ಎಷ್ಟು ಮಾತ್ರೆ ತಪ್ಪಿತು?’ ಅಂತ ಒಂದು ಪ್ರಶ್ನೆ ಸೇರಿಸಿದೆ.

ಸಂಖ್ಯೆ ಏರಲು ಬೇರೆ ಕಾರಣಗಳೂ ಇವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಜೋರಾಗಿಸಿ ಇಮಾಟಿನಿಬ್ಬನ್ನು ಬೇಗ ಕರಗಿಸಿಬಿಡುತ್ತದೆ. ನಮ್ಮ ಊರುಗಳಲ್ಲಿ ಎರಡೂ ಕಾಯಿಲೆ ಒಟ್ಟಿಗೆ ಇರುವವರು ಸಿಗುತ್ತಾರೆ. ಎರಡೂ ಕಡೆಯ ವೈದ್ಯರಿಗೆ ಎರಡೂ ಮಾತ್ರೆಯ ಹೆಸರು ಹೇಳಲೇಬೇಕು. ಇನ್ನು ಕೆಲವರಲ್ಲಿ ಏಬಿಎಲ್ ಪ್ರೋಟೀನಿನ 315ನೇ ಜಾಗದ ಅಮೈನೋ ಆಮ್ಲ ಬದಲಾಗುತ್ತದೆ. ಥ್ರಿಯೋನೀನ್ ಇದ್ದಲ್ಲಿ ಅದಕ್ಕಿಂತ ದಪ್ಪದ ಐಸೋಲ್ಯೂಸೀನ್ ಬಂದು ಕೂರುತ್ತದೆ. ಟವೆಲ್ ಹಾಕಲು ಜಾಗ ಇಲ್ಲ, ಎಟಿಪಿ ಮಾತ್ರ ಆರಾಮಾಗಿ ಕೂರುತ್ತದೆ. ಆಗ ಬೇರೆ ಮಾತ್ರೆ ಬೇಕು, ಅಂಥ ಮಾತ್ರೆಗಳೂ ಈಗ ಇವೆ.

ಅಕ್ಕ ನೀರು ತರಲು ಹೊರಗೆ ಹೋದಾಗ ನಾನು ಆ ತಮ್ಮನಿಗೆ ಅದೇ ಪ್ರಶ್ನೆ ಕೇಳಿದೆ, ಎಷ್ಟು ಮಾತ್ರೆ ತಪ್ಪಿತು ಅಂತ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಣ್ಣು ಊದಿಕೊಳ್ತಿತ್ತು ಮೇಡಂ, ರಾತ್ರಿ ಕಾಲು ಸೆಳೀತಿತ್ತು. ಎರಡು ತಿಂಗಳಿಂದ ದಿನ ಬಿಟ್ಟು ದಿನ ತಗೊಳ್ತಿದೀನಿ. ಅಕ್ಕನಿಗೆ ಹೇಳಿಲ್ಲ" ಅಂದರು. ಕಣ್ಣಿನ ಸುತ್ತ ಊತ, ಸ್ನಾಯು ಸೆಳೆತ ಎರಡೂ ಈ ಮಾತ್ರೆಯಿಂದ ಆಗುವಂಥದ್ದೇ. ಊಟದ ಜೊತೆ ದೊಡ್ಡ ಲೋಟದಲ್ಲಿ ನೀರು ಕುಡಿದು ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಊತಕ್ಕೂ ಸೆಳೆತಕ್ಕೂ ವೈದ್ಯರ ಹತ್ತಿರ ದಾರಿ ಇದೆ. ಹೇಳಿದರೆ ತಾನೆ ಅವರಿಗೆ ಗೊತ್ತಾಗುವುದು?

ಅಂದೇ ಹೊಸ ಟ್ಯೂಬಿನಲ್ಲಿ ರಕ್ತ ತೆಗೆದೆವು. ಕಂಟ್ರೋಲ್ ಎಣಿಕೆ 46,000 ಬಂತು. ಬಿಸಿಆರ್-ಏಬಿಎಲ್ 0.6. ರಿಪೋರ್ಟನ್ನು ಅವರ ವೈದ್ಯರಿಗೆ ಕಳಿಸಿ, ಫೋನಿನಲ್ಲೂ ವಿಷಯ ತಿಳಿಸಿದೆ. ಮೂರು ತಿಂಗಳ ನಂತರ ಮತ್ತೆ ಅವರ ಟ್ಯೂಬ್ ಬಂತು. ಚೀಟಿಯಲ್ಲಿ ನನ್ನ ಪ್ರಶ್ನೆಯ ಮುಂದೆ ‘ಒಂದೂ ಇಲ್ಲ’ ಅಂತ ಬರೆದಿತ್ತು, ಅಕ್ಕನ ಕೈಬರಹದಲ್ಲಿ. ಸಂಜೆ ಯಂತ್ರ ತೋರಿಸಿದ್ದು 0.08.